ಗೋಡೆಯಾಚೆಯ ಫೋನು

"ಯಶೋಧಕ್ಕನ ಮನೆ ಫೋನು ಅಂದ್ರೆ ಊರ ಬಾವಿ ಇದ್ದ ಹಾಗೆ ಮಾರಾಯ್ತಿ, ಯಾರು ಹೋದ್ರೂ ಇಲ್ಲ ಅನ್ನಲ್ಲ" ಎಂದು ಭದ್ರಾವತಿಯ ಆ ಕ್ವಾರ್ಟರ್ಸ್ ಸಾಲಿನ ಜನ ಹೇಳುತ್ತಿದ್ದರು. "ಊಟಕ್ಕೆ ಕೂತಿದ್ರೂ ಎಂಜಲ ಕೈಲೇ ಎದ್ದು ಬಂದು ಕೂಗ್ತಾಳೆ." ಎದುರು ಮನೆಯ ಸರಸ್ವತಿ ತಮಿಳು ಮನೆಮಾತಿನವಳು. ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಆಯಮ್ಮನ ಬಾಯಲ್ಲಿ ಸುಳ್ಳು ಅನ್ನೋದು ನಾನು ಕೇಳೇ ಇಲ್ಲಪ್ಪಾ" ಎನ್ನುತ್ತಿದ್ದಳು.

ಮೊದಮೊದಲು ಯಶೋಧರಾ ಈ ಮಾತನ್ನು ಕೇಳಿ ನಾಚಿಕೊಂಡು ನಗುತ್ತಿದ್ದಳು. ಕೊನೆಕೊನೆಗೆ ಅದೇ ಮಾತು ಕಿವಿಗೆ ಬಿದ್ದರೆ ಒಲೆ ಮೇಲೆ ಹಾಲಿಟ್ಟಿದ್ದೀನಿ ಎಂದು ಒಳಗೆ ಓಡಿಬಿಡುತ್ತಿದ್ದಳು. ಒಲೆಯ ಮೇಲೆ ಹಾಲೂ ಇರುತ್ತಿರಲಿಲ್ಲ, ನೀರೂ ಇರುತ್ತಿರಲಿಲ್ಲ. ಯಾಕೆ ಹೀಗೆ ಅಂದರೆ, ಆ ಫೋನು ಬಂದ ದಿನದಿಂದ ಹೇಳಬೇಕಾಗುತ್ತದೆ.

ಯಶೋಧರಾಳ ಗಂಡ ಶಿವಪ್ರಸಾದ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಅವರಿಗೆ ಸಿಕ್ಕಿದ್ದು ಜೋಡಿ ಮನೆ. ನಡುವೆ ಒಂದೇ ಗೋಡೆ, ಆಚೆ ಒಂದು ಸಂಸಾರ, ಈಚೆ ಒಂದು ಸಂಸಾರ. ಆಚೆ ಮನೆಯಲ್ಲಿ ಇದ್ದವನು ಕಾರ್ಖಾನೆಯ ಕ್ಯಾಂಟೀನಿನ ಜಟ್ಟಪ್ಪ, ಅವನ ಹೆಂಡತಿ ಹೂವಮ್ಮ, ಮಗಳು ಸಂಧ್ಯಾ. ತೊಂಬತ್ತರ ದಶಕದ ನಡುವೆ, ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮೇಲೆ, ಶಿವಪ್ರಸಾದನ ಮನೆಗೆ ಟೆಲಿಫೋನು ಬಂತು. ಆ ಸಾಲಿಗೆಲ್ಲ ಅದೊಂದೇ. ಮಗಳ ಗಂಡಿನ ಕಡೆಯವರಿಗೆ, ಊರಿನ ನೆಂಟರಿಗೆ, ಎಲ್ಲರಿಗೂ ಸಾಲಿನವರು ಕೊಟ್ಟದ್ದು ಇದೇ ನಂಬರು. ಫೋನು ಬಂದರೆ ಯಶೋಧರಾ ಬಾಗಿಲಿಗೆ ಬಂದು ಹೆಸರು ಹಿಡಿದು ಕೂಗಬೇಕು. ಅವಳು ಕೂಗುತ್ತಿದ್ದಳು ಕೂಡ.

ಹೆಚ್ಚು ಫೋನು ಬರುತ್ತಿದ್ದದ್ದು ಹೂವಮ್ಮನಿಗೆ. ತವರು ದೊಡ್ಡದು. ಒಂದು ಭಾನುವಾರ ಜಟ್ಟಪ್ಪ ಉಳಿ ಸುತ್ತಿಗೆ ಹಿಡಿದು ಬಂದು, "ಅಕ್ಕಾ, ಒಂದು ತೂತು ಕೊರೆದುಬಿಡ್ತೀನಿ. ನೀವು ಕೂಗೋದೂ ಬೇಡ, ಇವಳು ಓಡೋದೂ ಬೇಡ" ಎಂದ. ಅಡುಗೆಮನೆಯ ಗೋಡೆಯಲ್ಲಿ ಬೆರಳು ತೂರುವಷ್ಟು ತೂತಾಯಿತು. ಅದರೊಳಗಿಂದ ವೈರು ಆಚೆ ಹೋಯಿತು. ಇದಕ್ಕೆ ಪ್ಯಾರಲಲ್ ಎನ್ನುತ್ತಿದ್ದರು. ಒಂದು ನಂಬರಿಗೆ ಎರಡು ಮನೆಯಲ್ಲಿ ಎರಡು ಫೋನು. ಇಲಾಖೆಯವರಿಗೆ ತಿಳಿಸದೆ ಹಾಗೆ ಎಳೆಯಬಾರದು ಎಂಬುದು ಎಲ್ಲರಿಗೂ ಗೊತ್ತಿತ್ತು. ಎಳೆಯುವುದೂ ಎಲ್ಲರಿಗೂ ಗೊತ್ತಿತ್ತು. ಯಾರು ಮೊದಲು ಎತ್ತಿದರೂ, ಕರೆ ಇನ್ನೊಬ್ಬರದ್ದಾದರೆ ಸೌಟಿನ ಹಿಡಿಯಿಂದ ಗೋಡೆಗೆ ಎರಡು ಬಾರಿ ಬಡಿಯುವುದು ಅವರಲ್ಲೇ ಆದ ಒಪ್ಪಂದ.

ಯಶೋಧರಾಳ ತಾಯಿ ಗಾಜನೂರಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ಎತ್ತಿದ್ದು ಹೂವಮ್ಮನೇ. ಅವತ್ತು ಅವಳು ಗೋಡೆ ಬಡಿಯಲಿಲ್ಲ. ಬಾಗಿಲಿಂದ ಬಂದಳು, ಒಲೆ ಹಚ್ಚಿ ಕಾಫಿ ಮಾಡಿದಳು, ಯಶೋಧರಾ ಪೂರ್ತಿ ಕುಡಿಯುವ ತನಕ ಪಕ್ಕದಲ್ಲಿ ಸುಮ್ಮನೆ ಕೂತಳು. ಆಮೇಲೆ ಹೇಳಿದಳು. ಸುದ್ದಿ ಮುಟ್ಟಿಸುವುದಕ್ಕೂ ಒಂದು ರೀತಿ ಇದೆ ಎಂದು ಯಶೋಧರಾ ಕಲಿತದ್ದು ಅವಳಿಂದ.

ಯಶೋಧರಾ ಮದುವೆಗೆ ಮುಂಚೆ ಟೈಪಿಂಗ್ ಕಲಿತವಳು. ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತುಹೋಗಿ ಮನೆ ನಡೆಸುವುದು ಬಿಗಿಯಾದಾಗ ಒಂದು ಹಳೆಯ ಕಂಪ್ಯೂಟರ್ ಕೊಂಡು, ಶಿವಮೊಗ್ಗದ ಹರಿಪ್ರಸಾದ್ ಎಂಬುವವರ ಪ್ರೆಸ್ಸಿಗೆ ಕನ್ನಡ ಟೈಪಿಂಗ್ ಮಾಡಿಕೊಡಲು ಶುರುಮಾಡಿದಳು. ಲಗ್ನಪತ್ರಿಕೆ, ಸಂಘದ ವರದಿ, ಶಾಲೆಯ ಗೈಡು. ಮೊದಲು ಫ್ಲಾಪಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ ಹತ್ತುತ್ತಿದ್ದಳು. ಆಮೇಲೆ ಫೋನಿನ ವೈರಿಗೇ ಸಿಕ್ಕಿಸುವ ಇಂಟರ್ನೆಟ್ ಬಂತು. ಅಂಗಡಿಯಲ್ಲಿ ಗಂಟೆ ಲೆಕ್ಕದ ಕಾರ್ಡು ಸಿಗುತ್ತಿತ್ತು. ಅದನ್ನು ಕೆರೆದು, ನಂಬರು ಒತ್ತಿದರೆ ಕಂಪ್ಯೂಟರಿಗೆ ಸಿಕ್ಕಿಸಿದ ಡಬ್ಬಿ ಕೀಂಯ್ ಎಂದು ಅರಚಿ ಕೊನೆಗೆ ದಾರಿ ಬಿಡುತ್ತಿತ್ತು. ಆ ಹೊತ್ತಿನಲ್ಲಿ ಆಚೆ ಮನೆಯಲ್ಲಿ ಹೂವಮ್ಮ ರಿಸೀವರ್ ಎತ್ತಿದಳೋ, ಎಲ್ಲ ಕಡಿದುಬೀಳುತ್ತಿತ್ತು.

"ಯಶೋಧಕ್ಕಾ, ಇದರೊಳಗೆ ಗುಬ್ಬಿ ಜಗಳ ಆಡ್ತಿವೆ!" ಎಂದು ಹೂವಮ್ಮ ಗೋಡೆಯಾಚೆಯಿಂದ ಕೂಗುತ್ತಿದ್ದಳು.

"ಇಡೇ ಮಾರಾಯ್ತಿ ಕೆಳಗೆ! ಇಪ್ಪತ್ತು ಪುಟ ಹೋಗೋದಿತ್ತು, ಗುಬ್ಬಿ ತಿಂದ್ವು!"

ಇಬ್ಬರೂ ನಗುತ್ತಿದ್ದರು. ಮತ್ತೆ ಮೊದಲಿನಿಂದ ಕೀಂಯ್.

ಎರಡು ಸಾವಿರದ ಆರನೇ ಇಸವಿ. ರಂಗಪ್ಪ ಸರ್ಕಲ್ಲಿನ ಅಂಗಡಿಗೆ ಕಾರ್ಡು ತರಲು ಹೋದರೆ ಅಂಗಡಿಯವನು ತಲೆಯಾಡಿಸಿದ. "ಅದಿನ್ನು ಬರಲ್ಲ ಅಕ್ಕ. ನಿಲ್ಲಿಸಿಬಿಟ್ರು. ಇದ್ದೋರದ್ದು ಈ ತಿಂಗಳ ತನಕ. ಈಗ ಏನಿದ್ರೂ ಬ್ರಾಡ್‌ಬ್ಯಾಂಡು."

"ಹಂಗಂದ್ರೆ?"

"ಅಗಲ ರಸ್ತೆ ಅಂತ ತಿಳ್ಕೊಳ್ಳಿ."

"ನಮಗೆ ಗಲ್ಲಿನೇ ಸಾಕಾಗಿತ್ತಲ್ಲಪ್ಪ."

"ಗಲ್ಲಿ ಮುಚ್ಚಿದಾರೆ, ಏನ್ ಮಾಡ್ತೀರಾ?"

ಅಲ್ಲಿಂದ ಅವಳ ಅಲೆದಾಟ ಶುರುವಾಯಿತು. ಕೇಬಲ್ ಟೀವಿಯವನನ್ನು ಕೇಳಿದಳು. ಕ್ವಾರ್ಟರ್ಸಿನ ಕಾಂಪೌಂಡಿನೊಳಗೆ ವೈರು ಎಳೆಯಲು ಪರ್ಮಿಷನ್ ಇಲ್ಲ ಎಂದ. ಶಿವಮೊಗ್ಗದ ಒಂದು ಖಾಸಗಿ ಕಂಪನಿಯವರು ವರ್ಷದ ಬಾಡಿಗೆ ಮೊದಲೇ ಇಡಿ ಎಂದರು. ಸೈಬರ್ ಕೆಫೆಯಲ್ಲಿ ಅವಳ ಕನ್ನಡ ಅಕ್ಷರಗಳೆಲ್ಲ ಚೌಕ ಚೌಕ ಡಬ್ಬಿಗಳಾಗಿ ಕಂಡವು. ಶಿವಮೊಗ್ಗದ ಗೋಪಾಳದಲ್ಲಿ, ಆಲ್ಕೊಳದಲ್ಲಿ ಇದ್ದ ಪರಿಚಯದವರನ್ನೆಲ್ಲ ಕೇಳಿದಳು. ಸಿಟಿಯವರಿಗೆ ಹತ್ತು ದಾರಿ, ಇಲ್ಲಿ ಒಂದೂ ಇಲ್ಲ. ಅಷ್ಟರಲ್ಲಿ ಹರಿಪ್ರಸಾದ್ ಫೋನು ಮಾಡಿ, "ಮೇಡಂ, ಬೇಜಾರು ಮಾಡ್ಕೋಬೇಡಿ. ಫ್ಲಾಪಿ ಹಿಡ್ಕೊಂಡು ಬರೋ ಕಾಲ ಅಲ್ಲ ಇದು. ಗೈಡಿನ ಕೆಲಸ ಅರ್ಜೆಂಟು. ಮೇಲ್ ಆಗಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದರು.

ಕೊನೆಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲೇ ಕೈಗೆಟುಕುವಂಥದ್ದು ಒಂದು ಸಿಕ್ಕಿತು. ಇದ್ದ ಫೋನಿನ ಲೈನಿನ ಮೇಲೆಯೇ ಬರುವ ಬ್ರಾಡ್‌ಬ್ಯಾಂಡು, ಮನೆಬಳಕೆಗೆ ಎಲ್ಲಕ್ಕಿಂತ ಚಿಕ್ಕ ಪ್ಲಾನು. ಚಿತ್ರಗಿತ್ರ ನೋಡಿದರೆ ಮಿತಿ ಮುಗಿದುಹೋಗುತ್ತದೆ ಎಂದು ಎಚ್ಚರಿಸಿದರು. "ನನಗೆ ಅಕ್ಷರ ಸಾಕು" ಎಂದಳು ಯಶೋಧರಾ.

ಲೈನ್‌ಮನ್ ಮಾರಪ್ಪ ಬಂದು ಮೋಡೆಮ್ ಎಂಬ ಹೊಸ ಡಬ್ಬಿ ಇಟ್ಟ. ಹಸಿರು ದೀಪ ಒಂದು ಗಳಿಗೆ ಮಿನುಗುತ್ತದೆ, ಆರುತ್ತದೆ. ಮತ್ತೆ ಮಿನುಗುತ್ತದೆ, ಆರುತ್ತದೆ. ಅವನು ವೈರನ್ನು ಬೆರಳಲ್ಲಿ ಸವರಿ ನೋಡಿ, "ಅಮ್ಮಾ, ಈ ಲೈನಿಗೆ ಬೇರೆ ಫೋನು ಎಲ್ಲಾದ್ರೂ ಸೇರಿಸಿದ್ದೀರಾ?" ಎಂದ.

ಯಶೋಧರಾ ಅಡುಗೆಮನೆಯ ಗೋಡೆಯ ಕಡೆ ನೋಡದೆ ನಿಂತಳು. ಪ್ಯಾರಲಲ್ ಎಳೆದದ್ದು ಗೊತ್ತಾದರೆ ದಂಡ ಹಾಕುತ್ತಾರೆ, ಲೈನನ್ನೇ ಕಿತ್ತುಕೊಂಡು ಹೋಗುತ್ತಾರೆ ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದಳು. "ಇಲ್ವಲ್ಲಪ್ಪ, ಒಂದೇ ಫೋನು" ಎಂದಳು.

"ಹಾಗಾದ್ರೆ ಸರಿ. ನಾಳೆ ಕಂಬದ ಹತ್ರ ನೋಡ್ತೀನಿ" ಎಂದು ಮಾರಪ್ಪ ಹೋದ.

ಅವನು ಸೈಕಲ್ ಹತ್ತಿ ಮರೆಯಾದದ್ದೇ ತಡ, ಯಶೋಧರಾ ಸ್ಟೂಲ್ ಹತ್ತಿ, ಅಡುಗೆಮನೆಯ ಗೋಡೆಯ ತೂತಿನ ಹತ್ತಿರ ವೈರನ್ನು ಹೊಲಿಗೆ ಕತ್ತರಿಯಿಂದ ಕತ್ತರಿಸಿದಳು. ತುದಿಯನ್ನು ಒಳಗೆ ತಳ್ಳಿದಳು. ಮೋಡೆಮಿನ ಹಸಿರು ದೀಪ ಆರದೆ ನಿಂತಿತು. ಅಲ್ಲಾಡಲಿಲ್ಲ. ಹೂವಮ್ಮನಿಗೆ ಹೇಳೋಣ, ಗೈಡಿನ ಕೆಲಸವೊಂದು ಮುಗಿಯಲಿ, ಕೂತು ನಿಧಾನವಾಗಿ ಹೇಳೋಣ ಎಂದುಕೊಂಡಳು. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದಳು.

ಸಂಜೆ ಹೂವಮ್ಮ ಜಗಲಿಗೆ ಬಂದಳು. "ಅಕ್ಕಾ, ನಮ್ಮ ಫೋನು ಉಸಿರೇ ಬಿಡ್ತಿಲ್ಲ. ನಿಮ್ದು?"

"ನಮ್ದೂ ಅಷ್ಟೆ" ಎಂದುಬಿಟ್ಟಳು ಯಶೋಧರಾ.

ಬಾಯಿಗೆ ಬಂದದ್ದು ಎರಡೇ ಮಾತು. ನಿಜ ಹೇಳಿದರೆ ಹೂವಮ್ಮ ನಾಳೆಯೇ ಮಾರಪ್ಪನನ್ನು ಹಿಡಿದು, ನಮ್ಮ ವೈರು ಯಾಕಪ್ಪ ಕತ್ತರಿಸಿದ್ರಿ ಎಂದು ಕೇಳಿಯೇ ಕೇಳುತ್ತಾಳೆ ಎಂಬ ಭಯ ಆ ಮಾತನ್ನು ಆಡಿಸಿತ್ತು. "ಎಕ್ಸ್‌ಚೇಂಜಿಗೆ ಕಂಪ್ಲೇಂಟ್ ಕೊಟ್ಟಿದೀನಿ" ಎಂದೂ ಸೇರಿಸಿದಳು.

ಈಗ ಬಂತು ನೋಡಿ ಫಜೀತಿ. ಸತ್ತಿದೆ ಎಂದ ಫೋನು ಗೋಡೆಯ ಈಚೆ ದಿನವೂ ಬಡಿದುಕೊಳ್ಳುತ್ತದೆ. ಯಶೋಧರಾ ಗಂಟೆಯ ಸದ್ದನ್ನು ತಗ್ಗಿಸಿದಳು. ಸಾಲದೆ ಬಂತು. ಫೋನನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಳು. ಶಿವಪ್ರಸಾದ್ ನೋಡಿ, "ಏನೇ ಇದು, ಫೋನಿಗೆ ಬಾಣಂತನ ಮಾಡ್ತಿದೀಯಾ? ಸಾಂಬ್ರಾಣಿ ಹೊಗೆ ಒಂದು ಬಾಕಿ" ಎಂದ. ಆಮೇಲೆ ದನಿ ತಗ್ಗಿಸಿ, "ಹೋಗಿ ಹೇಳಿಬಿಡೇ. ಹೂವಮ್ಮ ಏನು ನುಂಗ್ತಾಳಾ?" ಎಂದ. "ನಾಳೆ ಹೇಳ್ತೀನಿ" ಎಂದಳು ಅವಳು.

ಆ ವರ್ಷ ಸಂಧ್ಯಾ ನರ್ಸಿಂಗ್ ಮುಗಿಸಿದ್ದಳು. ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ಇಂಟರ್‌ವ್ಯೂ ಆಗಿತ್ತು. ಫೋನು ಮಾಡಿ ತಿಳಿಸುತ್ತೇವೆ ಎಂದಿದ್ದರು. ಅವಳು ಕೊಟ್ಟಿದ್ದು ಇದೇ ನಂಬರು. ಮನೆಯಲ್ಲಿ ಫೋನಿರುವಾಗ ಜೇಬಿಗೊಂದು ಯಾಕೆ ಎಂದು ಜಟ್ಟಪ್ಪ ಮೊಬೈಲು ಕೊಂಡಿರಲಿಲ್ಲ. ಕಡೂರಿನ ಕಡೆಯಿಂದ ಒಂದು ಸಂಬಂಧ ಬಂದು ಕೂತಿತ್ತು. "ಗೌರಿ ಹಬ್ಬದೊಳಗೆ ಕೆಲಸ ಸಿಕ್ತೋ, ಇನ್ನೆರಡು ವರ್ಷ ಮದುವೆ ಮಾತೆತ್ತಲ್ಲ. ಇಲ್ವೋ, ಮಾತು ಕೊಟ್ಟುಬಿಡ್ತೀನಿ" ಎಂದು ಜಟ್ಟಪ್ಪ ಮಗಳಿಗೆ ಹೇಳಿದ್ದ. ಸಂಧ್ಯಾ ದಿನಕ್ಕೆ ನಾಲ್ಕು ಬಾರಿ ತಮ್ಮ ಮನೆಯ ರಿಸೀವರ್ ಎತ್ತಿ ಕಿವಿಗಿಟ್ಟು ನೋಡುತ್ತಿದ್ದಳು. ಆ ಸದ್ದು ಗೋಡೆಯ ಈಚೆಗೆ ಕೇಳುತ್ತಿತ್ತು.

ಹಬ್ಬಕ್ಕೆ ವಾರವಿರುವಾಗ ಒಂದು ಮಧ್ಯಾಹ್ನ ಕಂಬಳಿಯೊಳಗಿಂದ ಫೋನು ನರಳಿತು. ಯಶೋಧರಾ ಮಂಚದ ಕೆಳಗೆ ಅರ್ಧ ತೂರಿ ಎತ್ತಿದಳು.

"ಸಂಧ್ಯಾ ಅವರ ಮನೆನಾ? ನರ್ಸಿಂಗ್ ಹೋಮಿಂದ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ಡ್ಯೂಟಿಗೆ ಸೇರ್ಕೋಬೇಕು ಅಂತ ಹೇಳ್ತೀರಾ? ತಡ ಮಾಡೋ ಹಾಗಿಲ್ಲ, ಇನ್ನೊಬ್ಬರು ಕಾಯ್ತಿದಾರೆ."

"ಹೇಳ್ತೀನಿ" ಎಂದಳು.

ಎದ್ದು ನೇರವಾಗಿ ಹೊರಟಳು. ಮೈಯೆಲ್ಲ ಹಗುರ. ಎಲ್ಲ ಹೇಳಿಬಿಡೋಣ, ಬೈದರೆ ಬೈಸಿಕೊಳ್ಳೋಣ. ಜಗಲಿಯಲ್ಲಿ ಹೂವಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಇವಳನ್ನು ಕಂಡದ್ದೇ, "ಕೇಳಿದ್ರಾ ಅಕ್ಕಾ, ಆ ಸರಸ್ವತಿಗೆ ಏನು ಬಂತು ಅಂತೀನಿ" ಎಂದು ಶುರುಮಾಡಿದಳು. "ನಿಮ್ಮ ಮನೇಲಿ ಫೋನು ಹೊಡ್ಕೊಳ್ಳೋದು ಕೇಳ್ತು ಅಂತಾಳೆ. ನಾನು ಬಿಟ್ಟೇನಾ? ಚೆನ್ನಾಗಿ ಝಾಡಿಸಿದೆ. ಯಶೋಧಕ್ಕ ಸತ್ತಿದೆ ಅಂದ್ರೆ ಸತ್ತಿದೆ, ನಿನ್ನ ಕಿವೀಲಿ ಏನೋ ಹೊಕ್ಕಿರ್ಬೇಕು ತೆಗೆಸ್ಕೊ ಅಂದೆ."

ಯಶೋಧರಾ ಬಗ್ಗಿ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು.

"ಏನೋ ಹೇಳೋಕೆ ಬಂದ್ರಿ?"

"ಏನಿಲ್ಲ... ಸ್ವಲ್ಪ ಕರಿಬೇವು ಇದ್ರೆ..."

ಕರಿಬೇವು ಹಿಡಿದುಕೊಂಡು ಒಳಗೆ ಬಂದಳು. ಬಂದು ಕೂತು ಒಂದು ಉಪಾಯ ಹೊಸೆದಳು. ತಾನೇ ಎಸ್.ಟಿ.ಡಿ. ಬೂತಿನಿಂದ ನರ್ಸಿಂಗ್ ಹೋಮಿಗೆ ಫೋನು ಮಾಡಿ ವಿಚಾರಿಸಿದೆ, ಬಾ ಎಂದರು, ಅಂತ ಹೇಳಿದರೆ ಸುಳ್ಳೂ ಮುಚ್ಚುತ್ತದೆ, ಹುಡುಗಿಗೆ ಕೆಲಸವೂ ಸಿಗುತ್ತದೆ. ಆದರೆ ಆಗಷ್ಟೇ ಜಗಲಿಗೆ ಹೋಗಿ ಕರಿಬೇವು ಕೇಳಿ ಬಂದಿದ್ದಾಳೆ. ಮನೆ ಬಿಟ್ಟು ಕದಲದೆ ಬೂತಿಗೆ ಹೋದದ್ದು ಯಾವಾಗ? ಸಂಜೆ ಹೋಗೋಣವೆಂದರೆ ಜೋರು ಮಳೆ, ಹೂವಮ್ಮ ಜಗಲಿಯಲ್ಲೇ. ಕೊಡೆ ಹಿಡಿದು ಹೊರಟರೆ ಎಲ್ಲಿಗೆ ಅನ್ನುತ್ತಾಳೆ. ಬೆಳಿಗ್ಗೆ ಬೂತು ತೆರೆದ ಕೂಡಲೇ ಹೋಗಿ ಬಂದರಾಯಿತು ಎಂದುಕೊಂಡಳು. ಸುಳ್ಳಿಗೆ ಕೈಕಾಲು ಸರಿಯಾಗಿ ಕೂರಿಸುವ ಭರದಲ್ಲಿ, ಬೂತು ತೆರೆಯುವುದು ಒಂಬತ್ತಕ್ಕೆ ಎಂಬುದು ಅವಳ ತಲೆಗೆ ಹೋಗಲೇ ಇಲ್ಲ.

ಬೆಳಿಗ್ಗೆ ಮುಚ್ಚಿದ ಬೂತಿನ ಮುಂದೆ ನಿಂತಾಗ ತಲೆಗೆ ಹೋಯಿತು. ಆಗಲಾದರೂ ಓಡಿ ಬರಬಹುದಿತ್ತು. ಬೂತಿನವನು ಬಂದು ಬಾಗಿಲು ಎತ್ತುವ ತನಕ ನಿಂತಳು, ಮನೆಗೆ ಬಂದಳು, ಕತೆ ಹೇಳಿದಳು. ಸಂಧ್ಯಾ ತಲೆ ಬಾಚಿಕೊಳ್ಳದೆ ಶಿವಮೊಗ್ಗದ ಬಸ್ಸಿಗೆ ಓಡಿದಳು.

ಮಧ್ಯಾಹ್ನ ವಾಪಸ್ಸು ಬಂದಳು. ಕೆಲಸ ಇನ್ನೊಬ್ಬಳಿಗೆ ಹೋಗಿತ್ತು.

"ನಿನ್ನೆನೇ ಫೋನು ಮಾಡಿದ್ರಂತೆ ಅಮ್ಮ" ಎಂದು ಸಂಧ್ಯಾ ಜಗಲಿಯ ಕಂಬಕ್ಕೆ ಒರಗಿ ಹೇಳಿದಳು. "ಯಾರೋ ಹೆಂಗಸು ತಗೊಂಡ್ರಂತೆ. ಹೇಳ್ತೀನಿ ಅಂದ್ರಂತೆ."

"ಯಾವ ಹೆಂಗಸು? ಫೋನೇ ಸತ್ತು ಬಿದ್ದಿದೆಯಲ್ಲೇ!" ಹೂವಮ್ಮ ಎದ್ದು ನಿಂತಳು. "ಯಾವುದೋ ಬೇರೆ ನಂಬರಿಗೆ ಹೊಡೆದಿರ್ಬೇಕು. ಯಾವಳೋ ಮನೆಹಾಳಿ, ಅದು ನಮ್ಮನೆ ಅಲ್ಲ ಅನ್ನೋಕೂ ಬಾಯಿ ಬರ್ಲಿಲ್ವಾ ಅವಳಿಗೆ? ಹೇಳ್ತೀನಿ ಅಂದ್ಳಂತೆ! ಆ ನಾಲಗೆ ಸೇದಿ ಹೋಗ! ನನ್ನ ಮಗಳ ಅನ್ನ ಕಳೆದಳಲ್ಲ, ಅವಳ ಮನೇಲಿ ದೀಪ ಉರಿಯದೆ ಹೋಗ!"

ಯಶೋಧರಾ ಪಕ್ಕದಲ್ಲೇ ನಿಂತಿದ್ದಳು. ಹೂವಮ್ಮ ತಿರುಗಿ ಅವಳ ಕೈ ಹಿಡಿದುಕೊಂಡು ಅತ್ತಳು. "ನೀವಾದ್ರೂ ನೆನಪಿಟ್ಟು ಬೂತಿಗೆ ಹೋದ್ರಿ ಅಕ್ಕಾ. ಸ್ವಂತ ಅಣ್ಣತಮ್ಮಂದ್ರೂ ಇಷ್ಟು ಮಾಡಲ್ಲ."

ಅದನ್ನೇ ಅವಳು ಸಾಲಿನ ಉದ್ದಕ್ಕೂ ಹೇಳಿದಳು. ನೀರು ಹಿಡಿಯುವಾಗ ಹೇಳಿದಳು, ಹೂ ಕಟ್ಟುವಾಗ ಹೇಳಿದಳು. ಯಶೋಧರಾ ಹಾಲಿನ ನೆಪ ಹೇಳಿ ಒಳಗೆ ಓಡಲು ಶುರುಮಾಡಿದ್ದು ಆಗಿನಿಂದ.

ಹಬ್ಬ ಕಳೆದ ಮೇಲೆ ಜಟ್ಟಪ್ಪ ಕಡೂರಿಗೆ ಮಾತು ಕೊಟ್ಟ. ಮದುವೆಯ ಓಡಾಟಕ್ಕೆ ಅವನೊಂದು ಮೊಬೈಲು ಕೊಂಡ. ಇನ್ನು ಗೋಡೆಯ ವೈರಿನ ಗೊಡವೆಯೇ ಉಳಿಯಲಿಲ್ಲ. ಆಗ ಯಶೋಧರಾ ಕಂಬಳಿ ಬಿಚ್ಚಿ ಫೋನನ್ನು ಜಾಗಕ್ಕೆ ಇಟ್ಟು, "ಲೈನು ಸರಿಹೋಯ್ತು. ಆದ್ರೆ ಹೊಸ ಇಂಟರ್ನೆಟ್ಟಿಗೆ ಪ್ಯಾರಲಲ್ ಆಗಲ್ವಂತೆ ಹೂವಮ್ಮ" ಎಂದಳು.

"ಅಯ್ಯೋ, ಅದನ್ನ ಮೊದಲೇ ಹೇಳಿದ್ರೆ ನಾವೇ ಕಿತ್ತುಹಾಕ್ತಿದ್ವಲ್ಲ" ಎಂದಳು ಹೂವಮ್ಮ. "ನಿಮ್ಮ ಅನ್ನ ಅದರಲ್ಲಿದೆ. ನಾವೇನು ಬೇಡ ಅಂತಿದ್ವಾ?"

ಗೈಡು ಮುಗಿಯಿತು, ಬೇರೆ ಕೆಲಸ ಬಂತು. ಹಸಿರು ದೀಪ ಹಗಲೆಲ್ಲ ಉರಿಯುತ್ತಿತ್ತು. ಯಶೋಧರಾ ಅದರ ಮೇಲೆ ಒಂದು ಕರವಸ್ತ್ರ ಹೊದಿಸಿಟ್ಟಳು. ಧೂಳಿಗೆ ಎಂದು ಹೇಳುತ್ತಿದ್ದಳು.

ಮರುವರ್ಷ ಶಿವಪ್ರಸಾದನಿಗೆ ಮಂಡಿನೋವು ಹೆಚ್ಚಾಗಿ, ಮಂಚದ ಪಕ್ಕ ಇನ್ನೊಂದು ಫೋನು ಬೇಕೆಂದ. "ಆಗಲ್ಲರೀ, ಇಂಟರ್ನೆಟ್ ಹೋಗುತ್ತೆ" ಎಂದಳು. ಅವನು ಕೇಳದೆ ಮಾರಪ್ಪನನ್ನು ಕರೆಸಿದ. ಮಾರಪ್ಪ ಬೆಂಕಿಪೊಟ್ಟಣದಷ್ಟು ಸಣ್ಣ ಬಿಳಿ ಡಬ್ಬಿಯೊಂದನ್ನು ಎರಡನೆಯ ಫೋನಿಗೆ ಸಿಕ್ಕಿಸಿದ. ಎರಡೂ ಫೋನು ಮಾತಾಡಿದವು. ಹಸಿರು ದೀಪ ಅಲ್ಲಾಡಲಿಲ್ಲ.

"ಇಷ್ಟೇನಾ?" ಎಂದಳು ಯಶೋಧರಾ.

"ಇಷ್ಟೇ ಅಮ್ಮ. ಫಿಲ್ಟರು. ಎಷ್ಟು ಫೋನಿದ್ರೆ ಅಷ್ಟಕ್ಕೆ ಒಂದೊಂದು ಹಾಕಿದ್ರಾಯ್ತು."

"ಅವತ್ತು ಹೇಳ್ಲಿಲ್ವಲ್ಲ ನೀನು?"

"ಅವತ್ತು ನೀವು ಬೇರೆ ಫೋನೇ ಇಲ್ಲ ಅಂದ್ರಲ್ಲಮ್ಮ" ಎಂದು ಅವನು ಚೀಲ ಕಟ್ಟಿಕೊಂಡು ಹೋದ.

ಸಂಧ್ಯಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಕೂಸನ್ನು ಎತ್ತಿಕೊಂಡು ಈಚೆ ಮನೆಗೂ ಬರುತ್ತಿದ್ದಳು. ಮಾತಾಡುತ್ತ ಆಡುತ್ತ ಯಶೋಧರಾಳ ಮಣಿಕಟ್ಟು ಹಿಡಿದು ನಾಡಿ ನೋಡಿ, "ಯಾಕೆ ಆಂಟಿ ಇಷ್ಟು ಜೋರು ಹೊಡ್ಕೊಳ್ತಿದೆ? ಬಿ.ಪಿ. ತೋರಿಸ್ಕೊಳ್ಳಿ" ಎಂದಳು. ಆಮೇಲೆ ನಕ್ಕು, "ನನಗೂ ಕಲಿತದ್ದೆಲ್ಲ ಮರೆತೇ ಹೋಗ್ತಿದೆ ಬಿಡಿ" ಎಂದಳು. ಗಂಡ ಒಳ್ಳೆಯವನು, ಮನೆಯವರು ಹೊರಗೆ ಕೆಲಸಕ್ಕೆ ಕಳಿಸುವುದಿಲ್ಲ, ಅಷ್ಟೆ. ಅವಳಲ್ಲಿ ಒಂದು ದೂರೂ ಇರಲಿಲ್ಲ. ದೂರಿದ್ದರೆ ಯಶೋಧರಾಳಿಗೆ ಇನ್ನಷ್ಟು ಸಲೀಸಾಗುತ್ತಿತ್ತೋ ಏನೋ.

ಎರಡು ಸಾವಿರದ ಎಂಟರಲ್ಲಿ ಶಿವಪ್ರಸಾದ್ ಸ್ವಯಂ ನಿವೃತ್ತಿ ತೆಗೆದುಕೊಂಡ. ಕ್ವಾರ್ಟರ್ಸ್ ಬಿಡಬೇಕು. ಶಿವಮೊಗ್ಗದ ಗೋಪಾಳದಲ್ಲಿ ಬಾಡಿಗೆ ಮನೆ ಗೊತ್ತಾಯಿತು. ಸಾಮಾನು ಕಟ್ಟಿದ್ದಾಯಿತು. ಹೊರಡುವ ದಿನ ಬೆಳಿಗ್ಗೆ ಹೂವಮ್ಮ ಅಕ್ಕಿರೊಟ್ಟಿ ತಂದಳು. ಖಾಲಿ ಅಡುಗೆಮನೆಯಲ್ಲಿ ಇಬ್ಬರೇ ನೆಲದ ಮೇಲೆ ಕೂತರು.

ಯಶೋಧರಾ ರೊಟ್ಟಿ ಮುರಿಯಲಿಲ್ಲ. "ಹೂವಮ್ಮ, ಅವತ್ತು ನರ್ಸಿಂಗ್ ಹೋಮಿನ ಫೋನು ತಗೊಂಡಿದ್ದು ನಾನು" ಎಂದಳು. ಮಿಕ್ಕದ್ದನ್ನೂ ಹೇಳಿದಳು. ಕತ್ತರಿ, ಕಂಬಳಿ, ಕರಿಬೇವು, ಮುಚ್ಚಿದ ಬೂತು, ಮಾರಪ್ಪನ ಡಬ್ಬಿ. ಒಂದನ್ನೂ ಬಿಡಲಿಲ್ಲ.

ಹೂವಮ್ಮ ರೊಟ್ಟಿಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಾನು ಬೈದಾಗ ಪಕ್ಕದಲ್ಲೇ ಇದ್ರಿ" ಎಂದಳು.

"ಹೂಂ."

"ದೀಪ ಉರಿಯದೆ ಹೋಗ ಅಂದೆ. ನಿಮಗೆ."

"ಹೂಂ ಹೂವಮ್ಮ."

"ಸಂಧ್ಯಾಗೆ ಹೇಳಿದೀರಾ?"

"ಇಲ್ಲ. ಹೇಳ್ಬೇಕು."

"ಬೇಡ. ಅವಳಿಗೆ ಒಂದು ಕೂಸಿದೆ, ನೆಮ್ಮದಿಯಾಗಿ ಇದಾಳೆ. ಹೇಳಿದ್ರೆ ಇನ್ನು ಇರಲ್ಲ." ಹೂವಮ್ಮ ಎದ್ದು ಸೆರಗು ಕೊಡವಿಕೊಂಡಳು. "ನನಗೂ ಹೇಳದೇ ಹೋಗಬಹುದಿತ್ತಲ್ಲ ಅಕ್ಕಾ. ಇಷ್ಟು ದಿನ ನೀವು ಹೊತ್ಕೊಂಡಿದ್ರಿ. ಹೋಗೋ ದಿನ ನನ್ನ ತಲೆ ಮೇಲೆ ಇಟ್ಟು ಹೋಗ್ತಿದೀರಾ. ಮಗಳು ಬಂದಾಗಲೆಲ್ಲ ನಾನು ಬಾಯಿ ಬಿಗಿದು ಕೂರಬೇಕು ಇನ್ನು."

ಹೇಳಿದರೆ ಹಗುರವಾಗುತ್ತದೆ ಎಂದು ಯಶೋಧರಾ ನಂಬಿದ್ದಳು. ಆಗಲಿಲ್ಲ.

ಲಾರಿ ಬಂತು. ಸಾಲಿನ ಹೆಂಗಸರೆಲ್ಲ ಹೊರಗೆ ಬಂದು ನಿಂತರು. ಸರಸ್ವತಿ ಅಳುತ್ತಿದ್ದಳು. ಯಶೋಧರಾ ಒಂದೊಂದೇ ಕೋಣೆ ನೋಡಿ, ಕಿಟಕಿ ಹಾಕಿ, ಬಾಗಿಲಿಗೆ ಬೀಗ ಜಡಿದು ಜಗಲಿಗೆ ಬಂದಳು. ಹೂವಮ್ಮ ತನ್ನ ಹೊಸ್ತಿಲಲ್ಲಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಮುತ್ತೈದೆಯನ್ನು ಬರಿ ಹಣೆಯಲ್ಲಿ ಕಳಿಸುವ ಪದ್ಧತಿ ಆ ಸಾಲಿನಲ್ಲಿ ಇರಲಿಲ್ಲ. ಹತ್ತಿರ ಬಂದಳು, ಹಣೆಗೆ ಇಟ್ಟಳು, ಕೆನ್ನೆಗೆ ಅರಿಶಿನ ಸವರಿದಳು. ಕಣ್ಣು ಮಾತ್ರ ಬಟ್ಟಲಿನಿಂದ ಮೇಲೇಳಲಿಲ್ಲ.

ಹೋಗಿ ಬನ್ನಿ ಎನ್ನುತ್ತಾಳೇನೋ ಎಂದು ಯಶೋಧರಾ ನಿಂತಳು. ಲಾರಿಯ ಪಕ್ಕದಿಂದ ಶಿವಪ್ರಸಾದ್ ಹೊತ್ತಾಯಿತು ಎಂದು ಕರೆದ. ಹೂವಮ್ಮ ಬಟ್ಟಲಿನ ಮುಚ್ಚಳ ಹಾಕಿಕೊಂಡು ಒಳಗೆ ನಡೆದಳು. ಯಶೋಧರಾ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಬೀಗದ ಕೈಯನ್ನು ಸರಸ್ವತಿಯ ಕೈಗೆ ಕೊಟ್ಟು, ಜಗಲಿಯ ಮೆಟ್ಟಿಲಿಳಿದು ಹೋದಳು.